ಹೊಸ ಸೆನ್ಸರ್ ಹಾಕಿದರೂ ಪಿ2195 ಮರಳಿ ಬಂದರೆ

ಪ್ರಶ್ನೆ: ನಮಸ್ಕಾರ ಸರ್. ನಾವು ಅಥಣಿ ಕಡೆಯವರು, ಈಗ ಪುಣೆಯ ಚಿಂಚವಡದಲ್ಲಿದ್ದೇವೆ. ನಮ್ಮದು 2022ರ ಟರ್ಬೊ ಪೆಟ್ರೋಲ್ ಎಸ್‌ಯುವಿ, 1.2 ಲೀಟರ್, ಮೂರು ಸಿಲಿಂಡರ್, ಡೈರೆಕ್ಟ್ ಇಂಜೆಕ್ಷನ್. 48,000 ಕಿ.ಮೀ. ಓಡಿದೆ, ವಾರಂಟಿ ಮುಗಿದಿದೆ. ವಾರಪೂರ್ತಿ ಹಿಂಜವಡಿ ಟ್ರಾಫಿಕ್ಕು, ತಿಂಗಳಿಗೊಮ್ಮೆ ಊರು. ಮೇ ತಿಂಗಳಲ್ಲಿ ಟರ್ಬೊದ ಆಯಿಲ್ ರಿಟರ್ನ್ ಪೈಪ್ ಜಿನುಗುತ್ತಿತ್ತು, ಅದನ್ನು ರಿಪೇರಿ ಮಾಡಿಸಿದೆ. ಜೂನ್‌ನಲ್ಲಿ ಚೆಕ್ ಎಂಜಿನ್ ಲೈಟ್ ಬಂತು, ಕೋಡ್ ಪಿ2195. ಗ್ಯಾರೇಜಿನವರು ಮುಂದಿನ ಆಕ್ಸಿಜನ್ ಸೆನ್ಸರ್ ಬದಲಿಸಿದರು. ಒಂಬತ್ತು ದಿನಕ್ಕೆ ಅದೇ ಕೋಡ್ ಮತ್ತೆ ಬಂತು. ಈಗ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, 58,000 ರೂಪಾಯಿ ಆಗುತ್ತದೆ ಅನ್ನುತ್ತಿದ್ದಾರೆ. ನಾನೊಂದು ಬ್ಲೂಟೂತ್ ಡಾಂಗಲ್ ತಂದು ಫೋನಿನಲ್ಲಿ ನೋಡಿದೆ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿದ್ದಾಗ ಶಾರ್ಟ್ ಟರ್ಮ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕ) +5, ಲಾಂಗ್ ಟರ್ಮ್ +14. 2,500 ಆರ್‌ಪಿಎಮ್‌ನಲ್ಲಿ +1 ಮತ್ತು +5. ಹಿಂದಿನ ಸೆನ್ಸರ್ ಐಡಲ್‌ನಲ್ಲೂ ಓಡುವಾಗಲೂ 0.62ರಿಂದ 0.70 ವೋಲ್ಟ್. ಫ್ರೀಜ್ ಫ್ರೇಮ್‌ನಲ್ಲಿ (ಕೋಡ್ ಬಂದ ಕ್ಷಣದ ದಾಖಲೆ) ಕೂಲಂಟ್ 88 ಡಿಗ್ರಿ, 780 ಆರ್‌ಪಿಎಮ್, ವೇಗ ಸೊನ್ನೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಟಿಕ್ ಟಿಕ್ ಸದ್ದು ಬರುತ್ತದೆ, ಆಮೇಲೆ ನಿಲ್ಲುತ್ತದೆ. ಇಸಿಯು ಹಾಕಿಸಬೇಕೇ?

ಉತ್ತರ: ಬೇಡ. ನೀವು ಬರೆದು ಕಳಿಸಿದ ಅಂಕಿಗಳೇ ಇಸಿಯು ಸರಿಯಾಗಿದೆ ಎಂದು ಹೇಳುತ್ತಿವೆ. ಸೆನ್ಸರ್ ಕೂಡ ಮೊದಲಿನದೇ ಸರಿ ಇತ್ತು ಎಂದು ಕಾಣುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಆಕ್ಸಿಜನ್ ಸೆನ್ಸರ್ ಕೋಡಿನಲ್ಲಿ ದಿನವೂ ನಡೆಯುವುದು ಅದೇ. ನಿಮ್ಮ ಗಾಡಿಯಲ್ಲಿ ಮೊದಲು ನೋಡಬೇಕಾದ ಜಾಗ ಟರ್ಬೊ ಮತ್ತು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ನಡುವಿನ ಜೋಡಣೆ. ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಗ್ಯಾರೇಜಿನಲ್ಲಿ ನಿಂತು ಮಾತಾಡಲು ನಿಮಗೆ ಅದು ಬೇಕಾಗುತ್ತದೆ.

ಪಿ2195 ಅಂದರೆ ಒಂದನೇ ಬ್ಯಾಂಕಿನ ಒಂದನೇ ಸೆನ್ಸರಿನ ಸಂಕೇತ ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಕಡೆಗೇ ಅಂಟಿಕೊಂಡಿದೆ ಎಂದು. ಮೂರು ಸಿಲಿಂಡರ್ ಸಾಲಾಗಿರುವ ಎಂಜಿನ್ನಿಗೆ ಬ್ಯಾಂಕ್, ಅಂದರೆ ಸಿಲಿಂಡರ್ ಸಾಲು, ಒಂದೇ. ಒಂದನೇ ಸೆನ್ಸರ್ ಎಂದರೆ ಟರ್ಬೊದಿಂದ ಹೊಗೆ ಹೊರಬರುವಲ್ಲಿ, ಕ್ಯಾಟಲಿಟಿಕ್ ಕನ್ವರ್ಟರಿಗೆ ಮುಂಚೆ ಕೂತಿರುವುದು. ಎರಡನೆಯದು ಕನ್ವರ್ಟರ್ ದಾಟಿದ ಮೇಲೆ. ‘ಕೋಡಿನಲ್ಲಿ ಸೆನ್ಸರ್ ಹೆಸರಿದೆ, ಆದ್ದರಿಂದ ಸೆನ್ಸರ್ ಕೆಟ್ಟಿದೆ’ ಎಂದು ಓದುವುದೇ ತಪ್ಪು. ಕೋಡಿನ ಮೂಲಕ ಇಸಿಯು ಹೇಳುವುದು ಇಷ್ಟೇ: ನಾನು ಪೆಟ್ರೋಲ್ ಹೆಚ್ಚಿಸುತ್ತಲೇ ಇದ್ದೇನೆ, ಈ ಸೆನ್ಸರ್ ಮಾತ್ರ ಆಮ್ಲಜನಕ ಜಾಸ್ತಿ ಇದೆ ಎಂದೇ ಹೇಳುತ್ತಿದೆ. ಅದು ಸುಳ್ಳೇ ಹೇಳುತ್ತಿದೆಯೋ, ನಿಜವೇ ಹೇಳುತ್ತಿದೆಯೋ ಎಂಬುದು ಇಸಿಯುಗೆ ಗೊತ್ತಾಗುವುದಿಲ್ಲ. ಪತ್ತೆ ಮಾಡಬೇಕಾದವರು ನಾವು.

ಈಗಿನ ಟರ್ಬೊ ಗಾಡಿಗಳಲ್ಲಿ ಮುಂದಿನ ಸೆನ್ಸರ್ ಸಾಮಾನ್ಯವಾಗಿ ವೈಡ್‌ಬ್ಯಾಂಡ್. ಹಳೆಯ ನಾಲ್ಕು ತಂತಿಯ ಸೆನ್ಸರ್ 0.1 ಮತ್ತು 0.9 ವೋಲ್ಟಿನ ನಡುವೆ ಜಿಗಿದು ಲೀನ್ ಅಥವಾ ರಿಚ್ (ಪೆಟ್ರೋಲ್ ಹೆಚ್ಚು) ಎಂದಷ್ಟೇ ಹೇಳುತ್ತಿತ್ತು. ವೈಡ್‌ಬ್ಯಾಂಡ್ ಎಷ್ಟು ಲೀನ್, ಎಷ್ಟು ರಿಚ್ ಎಂದು ಅಳತೆ ಕೊಡುತ್ತದೆ. ಅದರೊಳಗಿನ ಸಣ್ಣ ಪಂಪ್ ಸೆಲ್ಲಿಗೆ ಇಸಿಯು ಕರೆಂಟ್ ಹರಿಸಿ ಆಮ್ಲಜನಕವನ್ನು ಒಳಗೆ ಅಥವಾ ಹೊರಗೆ ತಳ್ಳುತ್ತದೆ. ಮಿಶ್ರಣ ಸರಿಯಾಗಿದ್ದರೆ, ಅಂದರೆ ಲ್ಯಾಂಬ್ಡಾ 1 ಇದ್ದರೆ, ಈ ಕರೆಂಟ್ ಸೊನ್ನೆ. ಬಹಳ ಗಾಡಿಗಳಲ್ಲಿರುವ ಬಾಷ್ ಎಲ್‌ಎಸ್‌ಯು 4.9 ಮಾದರಿಯಲ್ಲಿ ಶುದ್ಧ ಗಾಳಿಗೆ ಇದು ಸುಮಾರು 2.5 ಮಿಲಿಆಂಪಿಯರ್. ಮಿಲಿಆಂಪಿಯರಿನ ಸಣ್ಣ ಭಾಗದ ಮೇಲೆ ನಿಂತ ಅಳತೆ ಇದು, ಆದ್ದರಿಂದ ಕನೆಕ್ಟರಿನಲ್ಲಿ ಒಂದಿಷ್ಟು ಕಿಲುಬು ಹಿಡಿದರೂ ಲೆಕ್ಕ ತಪ್ಪುತ್ತದೆ. ಮಲ್ಟಿಮೀಟರ್ ಇಟ್ಟು 0.1–0.9 ಹುಡುಕುವವರು ವೈಡ್‌ಬ್ಯಾಂಡ್ ಸೆನ್ಸರನ್ನು ಸುಮ್ಮನೆ ‘ಡೆಡ್’ ಎಂದು ಬರೆಯುತ್ತಾರೆ. ಅಲ್ಲಿ ಆ ವೋಲ್ಟೇಜು ಇರುವುದೇ ಇಲ್ಲ.

ಇನ್ನು ಟ್ರಿಮ್. ಸಾರಿನ ರುಚಿ ನೋಡಿ ಒಂದು ಚಿಟಿಕೆ ಉಪ್ಪು ಹಾಕುವುದು ಶಾರ್ಟ್ ಟರ್ಮ್. ದಿನವೂ ಅಷ್ಟೇ ಕಡಿಮೆ ಬೀಳುತ್ತಿದೆ ಎಂದು ಗೊತ್ತಾಗಿ ಮೊದಲೇ ಒಂದು ಚಮಚ ಜಾಸ್ತಿ ಹಾಕುವುದು ಲಾಂಗ್ ಟರ್ಮ್. ಎರಡನ್ನೂ ಕೂಡಿಸಿ ನೋಡಬೇಕು. ನಿಮ್ಮ ಐಡಲ್ ಮೊತ್ತ +19, 2,500ರಲ್ಲಿ +6. ಕೂಡಿದ ಅಂಕ +5, −5ರ ಒಳಗಿದ್ದರೆ ಯೋಚನೆ ಇಲ್ಲ; 10 ದಾಟಿದರೆ ಹುಡುಕಬೇಕು.

ಆ +6ರ ಬಗ್ಗೆ ಒಂದು ಮಾತು. ಈಗ ಬಂಕುಗಳಲ್ಲಿ ಸಿಗುವುದು ಇ20, ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲಿಗೆ 14.7 ಭಾಗ ಗಾಳಿ ಸಾಕು, ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5. ಎಂದರೆ ಅಷ್ಟೇ ಗಾಳಿಗೆ ಇ10ಕ್ಕಿಂತ ಇ20 ನಾಲ್ಕು ಶೇಕಡಾ ಹೆಚ್ಚು ಸುರಿಯಬೇಕು. ಇ10 ಲೆಕ್ಕದಲ್ಲಿ ಟ್ಯೂನ್ ಆದ ಗಾಡಿಯಲ್ಲಿ ಲಾಂಗ್ ಟರ್ಮ್ ಟ್ರಿಮ್ ಮೂರೋ ನಾಲ್ಕೋ ಅಂಕ ಮೇಲೆ ಕೂತಿರುವುದು ಇದರಿಂದಲೇ. ಅದು ಎಲ್ಲ ಆರ್‌ಪಿಎಮ್‌ನಲ್ಲೂ ಸಮವಾಗಿ ಕಾಣುತ್ತದೆ, ರೋಗವಲ್ಲ. ನಿಮ್ಮ +6ರಲ್ಲಿ ದೊಡ್ಡ ಪಾಲು ಅದೇ ಇರಬೇಕು. ಐಡಲ್‌ನಲ್ಲಿ ಅದರ ಮೇಲೆ ಬಿದ್ದಿರುವ 13 ಅಂಕವೇ ನಾವು ಹುಡುಕುತ್ತಿರುವ ಕಳ್ಳ.

ಈಗ ಸೆನ್ಸರ್ ಸುಳ್ಳು ಹೇಳುತ್ತಿದೆಯೇ ನೋಡೋಣ. ಮುಂದಿನ ಸೆನ್ಸರ್ ಇಲ್ಲದ ಲೀನ್ ತೋರಿಸಿ ಇಸಿಯು ಅದನ್ನು ನಂಬಿ ಪೆಟ್ರೋಲ್ ಸುರಿದಿದ್ದರೆ ಕನ್ವರ್ಟರಿಗೆ ರಿಚ್ ಹೊಗೆ ಹೋಗಿ, ಹಿಂದಿನ ಸೆನ್ಸರ್ 0.8–0.9 ವೋಲ್ಟಿಗೆ ಏರಿ ಅಲ್ಲೇ ಕೂರಬೇಕಿತ್ತು. ನಿಮ್ಮದು 0.62–0.70ರಲ್ಲಿ ತಣ್ಣಗಿದೆ. ಅಂದಮೇಲೆ ಮುಂದಿನ ಸೆನ್ಸರ್ ಮುಟ್ಟುತ್ತಿರುವ ಹೊಗೆಯಲ್ಲಿ, ತಿದ್ದುಪಡಿ ಆದ ಬಳಿಕ, ಮಿಶ್ರಣ ಸರಿಯಾಗಿಯೇ ಇದೆ. ಮುಂದಿನದು ನಿಜ ಹೇಳುತ್ತಿದೆ. ಹಳೆಯ ಸೆನ್ಸರೂ ಹೊಸ ಸೆನ್ಸರೂ ಒಂದೇ ಮಾತು ಹೇಳಿದ್ದು ಎರಡನೇ ಸಾಕ್ಷಿ. ಇಸಿಯು ಬಗ್ಗೆಯೂ ಇದೇ ಲೆಕ್ಕ: ಅದು ಸೆನ್ಸರನ್ನು ಕಾಯಿಸುತ್ತಿದೆ, ಅಳತೆ ಓದುತ್ತಿದೆ, ಪೆಟ್ರೋಲ್ ತಿದ್ದುತ್ತಿದೆ, ತಿದ್ದಿದ್ದು ಫಲ ಕೊಟ್ಟಿದೆ. ಇಷ್ಟೆಲ್ಲ ಮಾಡುವ ಪೆಟ್ಟಿಗೆಯನ್ನು ಕೆಟ್ಟಿದೆ ಎನ್ನಲು ಆಧಾರವೇನು ಎಂದು ಗ್ಯಾರೇಜಿನವರನ್ನು ಕೇಳಿ.

ಇನ್ನೂ ಅನುಮಾನವಿದ್ದರೆ ಪುಣೆಯವರಿಗೆ ಸುಲಭದ ಪರೀಕ್ಷೆ ಇದೆ. ಊರಿಗೆ ಹೋಗುವಾಗ ಯಾವುದಾದರೂ ಘಾಟಿನ ಇಳಿಜಾರಿನಲ್ಲಿ, ಗೇರಿನಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆಯಿರಿ. ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ, ಸೈಲೆನ್ಸರಿನಲ್ಲಿ ಬರೀ ಗಾಳಿ ಹೋಗುತ್ತದೆ. ಫೋನಿನಲ್ಲಿ ಮುಂದಿನ ಸೆನ್ಸರಿನ ಲ್ಯಾಂಬ್ಡಾ ಮೇಲಿನ ಮಿತಿಗೆ, ಸಾಮಾನ್ಯ ಆ್ಯಪ್‌ಗಳಲ್ಲಿ 2ರ ಹತ್ತಿರಕ್ಕೆ ಏರಬೇಕು. ಹಿಂದಿನದು ಸ್ವಲ್ಪ ತಡವಾಗಿ 0.1ಕ್ಕಿಂತ ಕೆಳಗೆ ಇಳಿಯಬೇಕು. ಮತ್ತೆ ಜೋರಾಗಿ ಒತ್ತಿದಾಗ ಮುಂದಿನದು ತಕ್ಷಣ, ಹಿಂದಿನದು ಸ್ವಲ್ಪ ತಡವಾಗಿ ರಿಚ್ ಕಡೆ ತಿರುಗಬೇಕು. ಹೀಗೆ ಎರಡೂ ತುದಿ ಮುಟ್ಟುವ ಸೆನ್ಸರ್ ಅಂಟಿಕೊಂಡಿಲ್ಲ. ಫೋನ್ ಪಕ್ಕದವರ ಕೈಯಲ್ಲಿರಲಿ.

ಹಾಗಾದರೆ ಐಡಲ್‌ನಲ್ಲಿ ಆಮ್ಲಜನಕ ಎಲ್ಲಿಂದ ಬಂತು? ಪೆಟ್ರೋಲ್ ಸಾಲದೆ ಹೋಗಿದ್ದರೆ, ಅಂದರೆ ಪಂಪ್ ಸೋತಿದ್ದರೆ ಅಥವಾ ಫಿಲ್ಟರ್ ಕಟ್ಟಿದ್ದರೆ, ಭಾರ ಬಿದ್ದಾಗ, ಘಾಟು ಏರುವಾಗ ಟ್ರಿಮ್ ಏರಬೇಕಿತ್ತು. ನಿಮ್ಮದು ಉಲ್ಟಾ. ಐಡಲ್‌ನಲ್ಲಿ ಜಾಸ್ತಿ, ಓಡುವಾಗ ಕಡಿಮೆ ಎನ್ನುವುದು ಎಲ್ಲೋ ಸಣ್ಣ ತೂತಿನಿಂದ ಗಾಳಿ ಸೇರುವ ಲಕ್ಷಣ. ಐಡಲ್‌ನಲ್ಲಿ ಎಂಜಿನ್ ಎಳೆಯುವ ಒಟ್ಟು ಗಾಳಿಯೇ ಕಡಿಮೆ, ಅದರಲ್ಲಿ ಈ ಕಳ್ಳಗಾಳಿ ದೊಡ್ಡ ಪಾಲು. ಹೆದ್ದಾರಿಯಲ್ಲಿ ಒಟ್ಟು ಗಾಳಿ ಹಲವು ಪಟ್ಟು, ಕಳ್ಳಗಾಳಿ ಲೆಕ್ಕಕ್ಕೇ ಇಲ್ಲ.

ಇಲ್ಲಿಯವರೆಗೆ ಹೆಚ್ಚಿನ ಮೆಕ್ಯಾನಿಕ್‌ಗಳು ಬರುತ್ತಾರೆ. ಬಂದು, ಇನ್‌ಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟು, ಪಿಸಿವಿ (ಕ್ರ್ಯಾಂಕ್‌ಕೇಸಿನ ಆವಿಯನ್ನು ಎಂಜಿನ್ನಿಗೆ ಒಯ್ಯುವ) ಪೈಪು ಬದಲಿಸಿ ಕೈ ತೊಳೆಯುತ್ತಾರೆ. ಅದು ಏರ್ ಫಿಲ್ಟರ್ ಪಕ್ಕದಲ್ಲಿ ಮಾಸ್ ಏರ್‌ಫ್ಲೋ ಮೀಟರ್ ಇರುವ ಎಂಜಿನ್ನಿಗೆ ಸರಿಯಾದ ತರ್ಕ. ಒಳಬರುವ ಗಾಳಿ ಅಳೆಯುವ ಆ ಮೀಟರ್ ಆದ ಮೇಲೆ ತೂತಿನಿಂದ ಸೇರಿದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮಲ್ಲಿ ಓಡುವ ಅನೇಕ ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಆ ಮೀಟರೇ ಇರುವುದಿಲ್ಲ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇರುತ್ತದೆ. ಅಲ್ಲಿ ಇನ್‌ಟೇಕ್ ಸೋರಿದರೆ ಒತ್ತಡ ಏರುತ್ತದೆ, ಇಸಿಯು ಅದನ್ನು ಕಂಡು ಅಷ್ಟಕ್ಕೇ ಪೆಟ್ರೋಲ್ ಹಾಕುತ್ತದೆ. ಐಡಲ್ ಏರುಪೇರಾಗಬಹುದು, ಟ್ರಿಮ್ ಇಷ್ಟು ಮೇಲೆ ಹೋಗುವುದು ಕಷ್ಟ. ಏರ್ ಫಿಲ್ಟರ್ ಡಬ್ಬಿಯಿಂದ ಟರ್ಬೊದವರೆಗಿನ ಪೈಪಿನಲ್ಲಿ ನಾಲ್ಕೈದು ತಂತಿಯ ಸೆನ್ಸರ್ ಸಿಕ್ಕಿಸಿದ್ದಾರೆಯೇ ನೋಡಿ. ಅಥವಾ ಆ್ಯಪ್‌ನಲ್ಲಿ ಮಾಸ್ ಏರ್‌ಫ್ಲೋ ಅಂಕ ಬರುತ್ತದೆಯೇ ನೋಡಿ. ಕೆಲವು ಇಸಿಯು ಲೆಕ್ಕ ಹಾಕಿ ತೋರಿಸುವುದೂ ಉಂಟು, ಆದ್ದರಿಂದ ಕಣ್ಣಿಂದ ನೋಡುವುದೇ ವಾಸಿ. ಮೀಟರ್ ಇಲ್ಲದಿದ್ದರೆ ಗಾಳಿ ಸೇರುತ್ತಿರುವುದು ಎಂಜಿನ್ನಿನ ಮುಂದೆ ಅಲ್ಲ, ಹಿಂದೆ. ಉರಿದಾದ ಮೇಲೆ, ಸೆನ್ಸರಿಗೆ ಮುಂಚೆ.

ಸೈಲೆನ್ಸರಿನಲ್ಲಿ ತೂತಿದ್ದರೆ ಹೊಗೆ ಹೊರಗೆ ಬರುತ್ತದಲ್ಲ, ಗಾಳಿ ಒಳಗೆ ಹೇಗೆ ಹೋಗುತ್ತದೆ ಎಂದು ಕೇಳುತ್ತೀರಿ. ಹೊಗೆ ಧಾರೆಯಾಗಿ ಹರಿಯುವುದಿಲ್ಲ, ಗುಕ್ಕು ಗುಕ್ಕಾಗಿ ಹೋಗುತ್ತದೆ. ನಿಮ್ಮ ಎಂಜಿನ್ 780 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ ಸುಮಾರು 20 ಗುಕ್ಕು ಹೊರದೂಡುತ್ತದೆ. ಪ್ರತಿ ಗುಕ್ಕು ದಾಟಿದ ಮೇಲೆ ಹಿಂದೆ ಒಂದು ಕ್ಷಣ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿಯುತ್ತದೆ. ಆ ಕ್ಷಣದಲ್ಲಿ ತೂತು ಗಾಳಿ ಹೀರುತ್ತದೆ. ನಾಲ್ಕು ಸಿಲಿಂಡರಿಗಿಂತ ಮೂರರಲ್ಲಿ ಗುಕ್ಕುಗಳ ನಡುವಿನ ಬಿಡುವು ಹೆಚ್ಚು. ಟರ್ಬೊಗಿಂತ ಮುಂಚಿನ ಜೋಡಣೆಯಲ್ಲಿ ಟರ್ಬೈನ್ ಅಡ್ಡ ನಿಂತಿರುವುದರಿಂದ ಒತ್ತಡ ಜಾಸ್ತಿ, ಅಲ್ಲಿ ಸೋರಿದರೆ ಬಹುಮಟ್ಟಿಗೆ ಹೊರಕ್ಕೇ, ಸದ್ದೂ ಜೋರು. ಟರ್ಬೈನ್ ದಾಟಿದ ಮೇಲೆ, ಕನ್ವರ್ಟರಿನ ಜೋಡಣೆಯಲ್ಲಿ, ಒತ್ತಡ ಹೊರಗಿನದಕ್ಕಿಂತ ಕೂದಲೆಳೆಯಷ್ಟು ಮಾತ್ರ ಮೇಲಿರುತ್ತದೆ. ಒಳಗೆ ಹೀರಲು ಅದಕ್ಕಿಂತ ಅನುಕೂಲದ ಜಾಗವಿಲ್ಲ, ಸೆನ್ಸರ್ ಇರುವುದೂ ಅಲ್ಲಿಂದ ಗೇಣು ದೂರದಲ್ಲಿ.

ಇಲ್ಲಿಗೆ ನಿಮ್ಮ ಮೇ ತಿಂಗಳ ರಿಪೇರಿ ಬಂದು ಕೂಡುತ್ತದೆ. ಆಯಿಲ್ ರಿಟರ್ನ್ ಪೈಪ್ ಟರ್ಬೊದ ಹೊಟ್ಟೆಯಡಿಯಲ್ಲಿ ಇರುತ್ತದೆ. ಅನೇಕ ಗಾಡಿಗಳಲ್ಲಿ ಕನ್ವರ್ಟರ್ ಸಡಿಲಿಸದೆ ಅಲ್ಲಿಗೆ ಪಾನಾ ಹೋಗುವುದಿಲ್ಲ. ಟರ್ಬೊ ಮತ್ತು ಕನ್ವರ್ಟರ್ ನಡುವಿನ ಗ್ಯಾಸ್ಕೆಟ್ ತೆಳು ಸ್ಟೀಲ್ ಹಾಳೆಗಳನ್ನು ಒತ್ತಿ ಮಾಡಿದ್ದು. ಒಮ್ಮೆ ಬಿಗಿದು ಕಾದ ಮೇಲೆ ಅದರ ಉಬ್ಬು ಚಪ್ಪಟೆಯಾಗುತ್ತದೆ, ಎರಡನೇ ಸಲ ಮುಚ್ಚುವುದಿಲ್ಲ. ನಟ್ಟಿನ ಬದಲು ಸುತ್ತ ಬಿಗಿಯುವ ವಿ-ಬ್ಯಾಂಡ್ ಕ್ಲ್ಯಾಂಪ್ ಇದ್ದರೂ ಅದೇ ಕತೆ. ‘ಚೆನ್ನಾಗಿಯೇ ಇದೆ’ ಎಂದು ಹಳೆಯದನ್ನೇ ಹಾಕುವ ಚಾಳಿ ನಮ್ಮಲ್ಲಿ ಬಹಳ. ಮೇ ರಿಪೇರಿ, ಜೂನ್ ಕೋಡ್, ತಣ್ಣಗಿದ್ದಾಗ ಟಿಕ್ ಟಿಕ್, ಲೋಹ ಕಾದು ಹಿಗ್ಗಿದ ಮೇಲೆ ಸದ್ದು ಮಾಯ. ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಆ ಬಿಲ್ ತೆಗೆದು ನೋಡಿ, ಕನ್ವರ್ಟರ್ ಗ್ಯಾಸ್ಕೆಟ್ ಎಂದು ಒಂದು ಸಾಲು ಇಲ್ಲದಿದ್ದರೆ ಹಳೆಯದೇ ಕೂತಿದೆ ಎಂದು ತಿಳಿಯಿರಿ.

ಖಾತ್ರಿ ಮಾಡಿಕೊಳ್ಳುವ ವಿಧಾನ ಮನೆಯಲ್ಲೇ ಆಗುವಂಥದ್ದು. ರಾತ್ರಿಯಿಡೀ ನಿಂತ ಗಾಡಿ ಬೇಕು. ಓಡಿದ ಮೇಲೆ ಟರ್ಬೊ ಗಂಟೆಗಟ್ಟಲೆ ಸುಡುತ್ತಿರುತ್ತದೆ. ಗಾಳಿ ಊದುವ ಬಾಯಿ ಇರುವ ವ್ಯಾಕ್ಯೂಮ್ ಕ್ಲೀನರ್ ಅಥವಾ ಧೂಳು ಊದುವ ಬ್ಲೋವರ್ ತೆಗೆದುಕೊಳ್ಳಿ. ಅದರ ಪೈಪನ್ನು ಹಿಂದೆ ಸೈಲೆನ್ಸರ್ ಬಾಯಿಗೆ ಇಟ್ಟು ಸುತ್ತ ಒದ್ದೆ ಬಟ್ಟೆ ತುರುಕಿ. ಎರಡು ಬಾಯಿ ಇದ್ದರೆ ಇನ್ನೊಂದನ್ನು ಮುಚ್ಚಿ. ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಬೇಡ, ನಮಗೆ ಬೇಕಾದ್ದು ಒತ್ತಡವಲ್ಲ, ಹರಿವು. ಎಂಜಿನ್ ಆಫ್ ಇರಲಿ. ಬಾನೆಟ್ ಎತ್ತಿ ಟರ್ಬೊ ಮೇಲಿನ ಹೀಟ್ ಶೀಲ್ಡ್ ತೆಗೆಯಿರಿ, ಸಾಮಾನ್ಯವಾಗಿ 10 ಎಂಎಂ ಬೋಲ್ಟುಗಳು. ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ಎಣ್ಣೆ ಬಿಡಿ, ಇಲ್ಲವಾದರೆ ತಲೆ ಮುರಿಯುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ನೀರಿಗೆ ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿ. ಬ್ಲೋವರ್ ಹಾಕಿ, ಮೊದಲು ಟರ್ಬೊ–ಕನ್ವರ್ಟರ್ ಜೋಡಣೆಯ ಸುತ್ತ ಸ್ಪ್ರೇ ಮಾಡಿ ಟಾರ್ಚ್ ಬಿಟ್ಟು ನೋಡಿ. ಆಮೇಲೆ ಸೆನ್ಸರ್ ಕೂತ ತಳ, ಕನ್ವರ್ಟರ್ ಕುತ್ತಿಗೆಯ ವೆಲ್ಡಿಂಗ್, ಕೊನೆಗೆ ಎಂಜಿನ್–ಟರ್ಬೊ ಜೋಡಣೆ. ಸೋರುವ ಜಾಗದಲ್ಲಿ ದೋಸೆ ಹಿಟ್ಟು ಹುದುಗಿದ ಹಾಗೆ ಸಣ್ಣ ಗುಳ್ಳೆ ಏಳುತ್ತಲೇ ಇರುತ್ತವೆ. ಜೋಡಣೆಯ ಕೆಳಭಾಗ ಕಾಣದಿದ್ದರೆ ಸಣ್ಣ ಕನ್ನಡಿ ಹಿಡಿಯಿರಿ, ಹಾಳಾದದ್ದು ಕೆಳಗೇ ಇರುತ್ತದೆ. ಏರ್ ಫಿಲ್ಟರ್ ಕಡೆಯಿಂದ ಸುಯ್ ಎಂಬ ಸದ್ದು ಬಂದರೆ ಗಾಬರಿ ಬೇಡ, ತೆರೆದಿರುವ ವಾಲ್ವುಗಳ ಮೂಲಕ ಗಾಳಿ ಅಲ್ಲಿಗೂ ಹೋಗಬಹುದು. ವೈರ್ ಕನೆಕ್ಟರುಗಳ ಮೇಲೆ ಮಾತ್ರ ಸೋಪಿನ ನೀರು ಬೀಳದಂತೆ ನೋಡಿಕೊಳ್ಳಿ. ಗ್ಯಾರೇಜಿನಲ್ಲಿ ಸ್ಮೋಕ್ ಮಷಿನ್ ಇದ್ದರೆ ಅದೇ ಕೆಲಸ ಇನ್ನೂ ಸಲೀಸು.

ಹೊರಗೆ ಕಪ್ಪು ಮಸಿ ಕಾಣುತ್ತಿಲ್ಲ, ಆದ್ದರಿಂದ ಸೋರಿಕೆ ಇಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹೊರಗೆ ಊದುವ ತೂತು ಮಸಿ ಬಿಡುತ್ತದೆ, ಒಳಗೆ ಹೀರುವ ತೂತು ಬಿಡಬೇಕೆಂದಿಲ್ಲ.

ಪ್ಲಗ್ಗುಗಳೂ ಸಾಕ್ಷಿ ಹೇಳುತ್ತವೆ. ಬಿಸಿ ಎಂಜಿನ್ನನ್ನು ಹದಿನೈದು ನಿಮಿಷ ಐಡಲ್ ಬಿಟ್ಟು, ಓಡಿಸದೆ ಆಫ್ ಮಾಡಿ, ತಣಿದ ಮೇಲೆ ಮೂರೂ ಪ್ಲಗ್ ತೆಗೆಸಿ ನೋಡಿ. ಮೂರರಲ್ಲೂ ಒಣ ಕಪ್ಪು ಮಸಿ ದಟ್ಟವಾಗಿದ್ದರೆ ಎಂಜಿನ್ನಿಗೆ ಬೇಡದ ಪೆಟ್ರೋಲ್ ಬೀಳುತ್ತಿದೆ. ಗಾಳಿ ಸೇರುತ್ತಿರುವುದು ಉರಿದ ಮೇಲೆಯೇ ಎಂದು ಖಚಿತ. ತುದಿ ತಿಳಿ ಕಂದಾಗಿ ಸ್ವಚ್ಛವಾಗಿದ್ದರೆ ಆ ಹೆಚ್ಚಿನ ಪೆಟ್ರೋಲ್ ಎಂಜಿನ್ನಿಗೆ ನಿಜಕ್ಕೂ ಬೇಕಿತ್ತು, ಆಗ ನನ್ನ ಊಹೆ ತಪ್ಪು. ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಅಲ್ಪಸ್ವಲ್ಪ ಮಸಿ ಮಾಮೂಲು ಎನ್ನುವುದು ನೆನಪಿರಲಿ. ಒಂದು ಪ್ಲಗ್ ಮಾತ್ರ ಬೇರೆ ಥರ, ಒದ್ದೆ ಇದ್ದರೆ ಆ ಸಿಲಿಂಡರ್ ಆಗಾಗ ಮಿಸ್ ಹೊಡೆಯುತ್ತಿದೆ. ಮಿಸ್ ಆದಾಗ ಉರಿಯದ ಆಮ್ಲಜನಕ ನೇರ ಸೈಲೆನ್ಸರಿಗೆ ಹೋಗಿ ಸೆನ್ಸರ್ ಅದನ್ನೂ ಲೀನ್ ಎಂದೇ ಓದುತ್ತದೆ. ಸ್ಕ್ಯಾನರಿನಲ್ಲಿ ಸಿಲಿಂಡರ್‌ವಾರು ಮಿಸ್‌ಫೈರ್ ಎಣಿಕೆ ಸಿಗುತ್ತದೆ, ಐಡಲ್‌ನಲ್ಲಿ ಐದು ನಿಮಿಷ ಗಮನಿಸಿ.

ಸೋರಿಕೆ ಸಿಕ್ಕಿತು ಎನ್ನೋಣ. ಹೊಸ ಗ್ಯಾಸ್ಕೆಟ್ ಬೇಕು, ಹೊಸ ನಟ್ಟುಗಳು ಬೇಕು. ಸ್ಟಡ್ ಎಳೆದಿದ್ದರೆ ಅದೂ ಬೇಕು. ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿಕೊಂಡು ತನ್ನಿ. ನಾನಾ ಪೇಠೆಯ ಅಂಗಡಿಯಲ್ಲಿ ‘ಇದೇ ಸೈಜು’ ಎಂದು ಕೊಟ್ಟ ತಗಡು ಬೇಡ. ಎರಡೂ ಮುಖವನ್ನು ಉಜ್ಜಿ ಹಳೆಯ ಚೂರು ಪೂರ್ತಿ ತೆಗೆಯಬೇಕು, ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಅಡಿಯಲ್ಲಿ ಬೆಳಕು ಹಾಯುತ್ತದೆಯೇ ನೋಡಬೇಕು. ಕನ್ವರ್ಟರನ್ನು ಕೆಳಗಿನ ಬ್ರಾಕೆಟ್‌ಗೆ ಮೊದಲೇ ಬಿಗಿದು ಆಮೇಲೆ ಮೇಲಿನ ನಟ್ಟು ಬಿಗಿದರೆ ಮುಖ ಓರೆಯಾಗಿ ಕೂರುತ್ತದೆ; ಎಲ್ಲವನ್ನೂ ಕೈಯಲ್ಲಿ ತಿರುಗಿಸಿ ಕೂರಿಸಿ, ಟರ್ಬೊ ಕಡೆಯ ನಟ್ಟುಗಳನ್ನು ಸುತ್ತು ಸುತ್ತಾಗಿ ಟಾರ್ಕ್ ರೆಂಚಿನಲ್ಲಿ ಮ್ಯಾನ್ಯುಯಲ್ ಅಂಕಕ್ಕೆ ಬಿಗಿದು, ಬ್ರಾಕೆಟ್ ಕೊನೆಗೆ. ಈ ಕ್ರಮ ತಪ್ಪಿದ್ದರಿಂದಲೇ ಹೊಸ ಗ್ಯಾಸ್ಕೆಟ್ಟೂ ಸೋರುವುದುಂಟು.

ಸಿಲಿಕಾನ್ ಪೇಸ್ಟ್ ಮಾತ್ರ ಅಲ್ಲಿಗೆ ತಗುಲಬಾರದು. ಟರ್ಬೊ ಬಳಿ ಅದು ಸುಟ್ಟು ಹೋಗುತ್ತದೆ, ಜೊತೆಗೆ ಅದರ ಆವಿಯಿಂದ ಸೆನ್ಸರ್ ತುದಿಯಲ್ಲಿ ಬಿಳಿ ಸಿಲಿಕಾ ಪದರ ಕಟ್ಟಿ ರಂಧ್ರ ಮುಚ್ಚುತ್ತದೆ. ಆಯಿಲ್ ರಿಟರ್ನ್ ಪೈಪಿಗೆ ಗ್ಯಾಸ್ಕೆಟ್ ಬದಲು ಪೇಸ್ಟ್ ಮೆತ್ತಿದ್ದರೂ ಇದೇ ಅಪಾಯ: ಹಸಿ ಪೇಸ್ಟಿನ ಆವಿ ಕ್ರ್ಯಾಂಕ್‌ಕೇಸಿನಿಂದ ಪಿಸಿವಿ ಮೂಲಕ ಎಂಜಿನ್ನಿಗೆ ಹೋಗಿ, ಉರಿದು, ಸೆನ್ಸರಿಗೆ ಬಂದು ಅಂಟುತ್ತದೆ. ಸೆನ್ಸರಿಗೆ ಸುರಕ್ಷಿತ ಎಂದು ಡಬ್ಬಿಯ ಮೇಲೆ ಬರೆದ ಪೇಸ್ಟೇ ಬೇರೆ ಸಿಗುತ್ತದೆ. ಮೇ ತಿಂಗಳಲ್ಲಿ ಏನು ಹಚ್ಚಿದರು ಎಂದು ಇದೇ ಸಲ ಕೇಳಿಬಿಡಿ.

ಕೆಲಸ ಮುಗಿದ ಮೇಲೆ ಸ್ಕ್ಯಾನರಿನಲ್ಲಿ ಕೋಡ್ ಅಳಿಸಿ, ಟ್ರಿಮ್ ಕಲಿಕೆಯನ್ನೂ ಸೊನ್ನೆ ಮಾಡಿಸಿ. ಅದಕ್ಕೆ ಮುಂಚೆ ಅಳಿಸಬೇಡಿ. ಅಳಿಸಿದರೆ ಫ್ರೀಜ್ ಫ್ರೇಮ್ ಹೋಗುತ್ತದೆ, ಎಲ್ಲ ಸ್ವಪರೀಕ್ಷೆಗಳೂ ಮೊದಲಿನಿಂದ ಶುರುವಾಗುತ್ತವೆ. ಅರ್ಧ ಗಂಟೆ ಊರಲ್ಲೂ ಹೆದ್ದಾರಿಯಲ್ಲೂ ಓಡಿಸಿ ಬಂದು ಬಿಸಿ ಐಡಲ್ ನೋಡಿ. ಎರಡು ಟ್ರಿಮ್ ಕೂಡಿ +6ರ ಆಸುಪಾಸಿಗೆ ಇಳಿದು, ಐಡಲ್ ಮತ್ತು 2,500ರ ನಡುವೆ ಎರಡು ಮೂರು ಅಂಕದ ಅಂತರವಷ್ಟೇ ಉಳಿದರೆ ಕೆಲಸ ಆಯಿತು. ಲೈಟ್ ಆರಿದ್ದನ್ನು ನೋಡಿ ಸಮಾಧಾನಪಡಬೇಡಿ, ಅಳಿಸಿದ ಕೂಡಲೇ ಯಾವ ಲೈಟೂ ಆರುತ್ತದೆ. ನಿಮ್ಮದು ಒಂಬತ್ತು ದಿನ ಆರಿತ್ತಲ್ಲ.

ಗುಳ್ಳೆ ಎಲ್ಲೂ ಏಳಲಿಲ್ಲ, ಪ್ಲಗ್ಗೂ ಸ್ವಚ್ಛ ಎಂದಾದರೆ ಮುಂದಿನ ಸಾಲು ಹೀಗೆ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಮಾಡಿ ಮ್ಯಾಪ್ ಅಂಕ ಓದಿ. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರ, ಅಲ್ಲಿ 94–95 ಕಿಲೋಪಾಸ್ಕಲ್ ತೋರಿಸಬೇಕು. ಮುಂಬೈಗೆ ಇಳಿದಾಗ 100–101. ಪುಣೆಯಲ್ಲಿ 88–89 ತೋರಿಸುವ ಮ್ಯಾಪ್ ಸೆನ್ಸರ್ ಗಾಳಿಯನ್ನು ಕಡಿಮೆ ಎಣಿಸಿ ಪೆಟ್ರೋಲ್ ಕಡಿಮೆ ಹಾಕಿಸುತ್ತದೆ. ಆಮೇಲೆ ಇಂಜೆಕ್ಟರುಗಳಿಗೆ ಪೆಟ್ರೋಲ್ ಕೊಡುವ ಹೈ ಪ್ರೆಷರ್ ರೈಲಿನ ಒತ್ತಡ: ಇಸಿಯು ಕೇಳಿದ್ದು, ನಿಜಕ್ಕೂ ಇರುವುದು, ಎರಡೂ ಅಂಕ ಸ್ಕ್ಯಾನರಿನಲ್ಲಿ ಅಕ್ಕಪಕ್ಕ ಬರುತ್ತವೆ, ಜೊತೆಜೊತೆಯಾಗಿ ಓಡಬೇಕು. ಅದೂ ಸರಿ ಇದ್ದರೆ ಇಂಜೆಕ್ಟರ್. ತುದಿಯಲ್ಲಿ ಕಾರ್ಬನ್ ಕಟ್ಟಿದ ಇಂಜೆಕ್ಟರ್ ಐಡಲ್‌ನ ಪುಟ್ಟ ಪ್ರಮಾಣದಲ್ಲೇ ಮೊದಲು ಎಡವುವುದು. ಮಾಸ್ ಏರ್‌ಫ್ಲೋ ಮೀಟರ್ ಇರುವ ಗಾಡಿಯಾದರೆ ಈ ಎಲ್ಲಕ್ಕಿಂತ ಮೊದಲು ಇನ್‌ಟೇಕ್ ಸ್ಮೋಕ್ ಟೆಸ್ಟ್ ಮಾಡಿಸಿ.

ವೈರಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಮ್ಮೆ ಕಣ್ಣಾಡಿಸಿ. ಸೊಸೈಟಿ ಪಾರ್ಕಿಂಗಿನಲ್ಲಿ ನಿಲ್ಲುವ ಗಾಡಿಗಳಿಗೆ ಮಳೆಗಾಲದಲ್ಲಿ ಇಲಿಕಾಟ ತಪ್ಪಿದ್ದಲ್ಲ. ಸೆನ್ಸರ್ ವೈರ್ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಮುರಿದಿದ್ದರೆ ವೈರ್ ಟರ್ಬೊಗೆ ತಾಗಿ ಕರಗುತ್ತದೆ, ಸೆನ್ಸರ್ ಬದಲಿಸುವಾಗ ಮುರಿಯುವುದೇ ಆ ಕ್ಲಿಪ್. ಕನೆಕ್ಟರ್ ಬಿಚ್ಚಿ ಹಸಿರು ಕಿಲುಬು ಇದೆಯೇ ನೋಡಿ. ಅದಕ್ಕೆ ಗ್ರೀಸ್ ತುಂಬಬೇಡಿ, ಹಲವು ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನೊಳಗಿನಿಂದಲೇ ಎಳೆದುಕೊಳ್ಳುತ್ತವೆ. ವೈರಿಂಗ್ ತುಂಡಾದರೆ ಬರುವ ಕೋಡುಗಳೇ ಬೇರೆ: ಪಿ2237, ಪಿ2243, ಪಿ2251 ಇವು ವೈಡ್‌ಬ್ಯಾಂಡ್ ತಂತಿಗಳದ್ದು. ಪಿ0030, ಪಿ0031, ಪಿ0135 ಹೀಟರಿನದು. ಹೀಟರ್ ಕೋಡಿಗೆ ಮೊದಲು ಫ್ಯೂಸ್, ಆಮೇಲೆ ಕನೆಕ್ಟರಿಗೆ 12 ವೋಲ್ಟ್ ಬರುತ್ತಿದೆಯೇ ಎಂಬುದು, ಆಮೇಲೆ ತಣ್ಣಗಿರುವ ಸೆನ್ಸರಿನ ಹೀಟರ್ ರೆಸಿಸ್ಟೆನ್ಸ್, ಎಲ್‌ಎಸ್‌ಯು 4.9ರಲ್ಲಿ ಅದು ಸುಮಾರು 3 ಓಮ್. ಮೀಟರಿನ ವೈರುಗಳದ್ದೇ ಅರ್ಧ ಓಮ್ ಇರಬಹುದು, ಅದನ್ನು ಕಳೆಯಿರಿ. ಹೀಟರಿನ ಎರಡು ಪಿನ್ ಬಿಟ್ಟು ಉಳಿದ ಪಿನ್ನುಗಳಿಗೆ ಓಮ್ ಮೀಟರ್ ಹಚ್ಚಬಾರದು, ಮೀಟರಿನ ಕರೆಂಟಿಗೇ ಸೆಲ್ ಹಾಳಾಗಬಹುದು.

ಕೊನೆಯದಾಗಿ ಆ ಹಳೆಯ ಸೆನ್ಸರ್. ಗ್ಯಾರೇಜಿನವರು ಎಸೆದಿರದಿದ್ದರೆ ಕೇಳಿ ವಾಪಸ್ ತನ್ನಿ. ತುದಿಯ ರಂಧ್ರಗಳಲ್ಲಿ ಬಿಳಿ ಪುಡಿ ಇದ್ದರೆ ಸಿಲಿಕಾನ್ ತಿಂದಿದೆ, ಅದು ಹೋದ ಹಾಗೆಯೇ. ತಿಳಿ ಬೂದು ಅಥವಾ ತೆಳು ಮಸಿ ಮಾತ್ರ ಇದ್ದರೆ ಸೆನ್ಸರ್ ಆರೋಗ್ಯವಾಗಿದೆ, ಬಟ್ಟೆ ಸುತ್ತಿ ಇಡಿ. ಕೆಳಗೆ ಬಿದ್ದರೆ ಒಳಗಿನ ಪಿಂಗಾಣಿ ಸೀಳುತ್ತದೆ, ಹೊರಗೆ ಕಾಣುವುದಿಲ್ಲ. ಈಗ ಹಾಕಿರುವುದು ಕಂಪನಿಯ ಪಾರ್ಟ್ ನಂಬರಿನದ್ದೋ ಅಲ್ಲವೋ ಬಿಲ್ಲಿನಲ್ಲಿ ನೋಡಿ. ಅಲ್ಲದಿದ್ದರೆ, ಸೋರಿಕೆ ಸರಿಪಡಿಸುವ ದಿನವೇ ಹಳೆಯದನ್ನು ಮರಳಿ ಕೂರಿಸಿ: ತಿರುಪಿನ ದಾರಕ್ಕೆ (ಥ್ರೆಡ್) ಮಾತ್ರ ಹೈ ಟೆಂಪರೇಚರ್ ಆ್ಯಂಟಿ-ಸೀಜ್ ಸವರಿ, ತುದಿಗೆ ತಾಗದಂತೆ, ಸೀಳಿರುವ 22 ಎಂಎಂ ಸಾಕೆಟ್ಟಿನಲ್ಲಿ ಬಿಗಿಯಿರಿ. 18 ಎಂಎಂ ದಾರದ ಸೆನ್ಸರಿಗೆ ಸಾಮಾನ್ಯ ಟಾರ್ಕ್ 40ರಿಂದ 60 ನ್ಯೂಟನ್ ಮೀಟರ್. ಹಾಕಿದ ಮೇಲೆ ಅಲ್ಲಿಯೂ ಒಮ್ಮೆ ಸೋಪಿನ ನೀರು ಬಿಟ್ಟು ನೋಡಿಬಿಡಿ.